ಸರ್ಕಾರಿ ಶಾಲೆಯ ಡಿಸ್ಲೆಕ್ಸಿಯಾ ಮಕ್ಕಳಿಗೆ ವರ್ಷಕ್ಕೆ 6 ಲಕ್ಷ: ಎಲ್ಲಿ ಹಾಕಿದರೆ ಕೆಲಸ ಆಗುತ್ತೆ?

ಬ್ಯಾಡಗಿ_ಹಳೆವಿದ್ಯಾರ್ಥಿ:

ಹಾವೇರಿ ಜಿಲ್ಲೆ, ಒಂದೇ ಕ್ಲಸ್ಟರಿನ 3 ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳು. ಡಿಸ್ಲೆಕ್ಸಿಯಾ (ಬುದ್ಧಿ ಸರಿಯಿದ್ದೂ ಓದು ಬರಹ ಹತ್ತದ ತೊಂದರೆ) ಇರುವ ಮಕ್ಕಳಿಗಾಗಿ ದುಡ್ಡು ಕೊಡುತ್ತಿರುವುದು ಹಳೆ ವಿದ್ಯಾರ್ಥಿಗಳ ಟ್ರಸ್ಟ್, ನೋಂದಣಿಯಾಗಿ 4 ವರ್ಷ ಆಗಿದೆ. ವರ್ಷಕ್ಕೆ 6 ಲಕ್ಷದಂತೆ 3 ವರ್ಷಕ್ಕೆ ಟ್ರಸ್ಟಿಗಳ ಒಪ್ಪಿಗೆ ಸಿಕ್ಕಿದೆ. 3, 4, 5ನೇ ತರಗತಿ ಸೇರಿ 210 ಮಕ್ಕಳಿದ್ದಾರೆ. "ಓದಾಕ ಬರಂಗಿಲ್ಲ" ಅಂತ ಸಾಲಿ ಮಾಸ್ತರು ಕೊಟ್ಟ ಪಟ್ಟಿಯಲ್ಲಿ 46 ಹೆಸರು.

ಈಗಿರುವ ಯೋಜನೆ ಹೀಗಿದೆ: ಬೆಂಗಳೂರಿಂದ ತಂಡ ಕರೆಸಿ ಎರಡು ದಿನದ ಶಿಬಿರದಲ್ಲಿ 46 ಮಕ್ಕಳಿಗೂ ಟೆಸ್ಟ್, ಆಮೇಲೆ 20 ಟ್ಯಾಬ್, ಡಿಸ್ಲೆಕ್ಸಿಯಾ ಫಾಂಟಿನಲ್ಲಿ ಮುದ್ರಿಸಿದ ಪುಸ್ತಕ. ಇದು ಸರಿಯಾ? ಅಂಗವೈಕಲ್ಯ ಸರ್ಟಿಫಿಕೇಟ್ ಎಲ್ಲರಿಗೂ ಮಾಡಿಸಬೇಕಾ? ಅಮೆರಿಕದಲ್ಲಿರುವ ನಮ್ಮೂರವರು ಕೆಲವರು ದುಡ್ಡು ಕಳಿಸ್ತೀವಿ ಅಂತಿದ್ದಾರೆ, ಅದನ್ನ ತಗೋಬಹುದಾ?

ಒತ್ತಕ್ಷರ:

ಶಿಬಿರ ಬಿಡಿ ಸರ್. ಎರಡು ದಿನದಲ್ಲಿ 46 ಮಕ್ಕಳು ಅಂದರೆ ಒಂದು ಮಗುವಿಗೆ ಸಿಗುವುದು ಅರ್ಧ ಗಂಟೆಯೂ ಇಲ್ಲ. ಸರಿಯಾದ ಪರೀಕ್ಷೆಯಲ್ಲಿ ಐಕ್ಯೂ, ಓದು, ಬರಹ, ಗಣಿತ, ಜೊತೆಗೆ ತಂದೆತಾಯಿಯ ಹತ್ತಿರ ಇತಿಹಾಸ ಕೇಳುವುದು ಎಲ್ಲ ಸೇರಿ ಒಂದು ಮಗುವಿಗೇ ಎರಡು ಮೂರು ಸಿಟ್ಟಿಂಗ್ ಬೇಕು. ಶಿಬಿರ ಮುಗಿದ ಮೇಲೆ ಊರಲ್ಲಿ ಉಳಿಯುವುದು ಒಂದು ಪಟ್ಟಿ, ಆ ಪಟ್ಟಿಯಲ್ಲಿರುವ ಮಕ್ಕಳಿಗೆ ಒಂದು ಹೊಸ ಹೆಸರು. ಮಾರನೇ ದಿನದಿಂದ ಕಲಿಸುವವರು ಯಾರೂ ಇರುವುದಿಲ್ಲ.

ಆ 46ರಲ್ಲಿ ಎಲ್ಲರೂ ಡಿಸ್ಲೆಕ್ಸಿಯಾ ಮಕ್ಕಳಲ್ಲ, ಇದನ್ನು ಮೊದಲೇ ಟ್ರಸ್ಟಿಗಳಿಗೆ ಹೇಳಿಬಿಡಿ. ಕಣ್ಣು ಸರಿಯಾಗಿ ಕಾಣದವರು, ಕಿವಿ ಸೋರಿ ಅರ್ಧ ಕೇಳುವವರು, ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಮೂರು ತಿಂಗಳು ಶಾಲೆ ತಪ್ಪಿಸಿದವರು, ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡಿ ಶಾಲೆಯಲ್ಲಿ ಮೊದಲ ಸಲ ಕನ್ನಡ ಕೇಳಿದವರು, ಎಲ್ಲರೂ ಅದೇ ಪಟ್ಟಿಯಲ್ಲಿರುತ್ತಾರೆ. ಜರಡಿ ಹಿಡಿಯುವ ಕ್ರಮ ಇದು.

ಜೂನ್‌ನಲ್ಲಿ ಏನೂ ಮಾಡಬೇಡಿ. ಸೇತುಬಂಧ (ವರ್ಷದ ಶುರುವಿಗೆ ಹಿಂದಿನ ತರಗತಿಯ ಪಾಠ ನೆನಪಿಸುವುದು) ಮುಗಿದು ಅದರ ಫಲಿತಾಂಶ ಬರಲಿ, ಹಾಜರಿ ಪುಸ್ತಕದ ಜೊತೆ ಇಟ್ಟು ನೋಡಿ. ಜುಲೈನಲ್ಲಿ 46 ಮಕ್ಕಳಿಗೂ ಕಣ್ಣು, ಕಿವಿ ತಪಾಸಣೆ ಆಗಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಬರಬೇಕು, ಅದರ ಪಟ್ಟಿಯಲ್ಲಿ ಕಲಿಕೆಯ ತೊಂದರೆಯೂ ಇದೆ. ದಿನಾಂಕ ಮುಖ್ಯ ಶಿಕ್ಷಕರಿಂದ ಕೇಳಿಸಿ. ಕನ್ನಡಕದ ಖರ್ಚು ಮಾತ್ರ ನಿಮ್ಮದಾಗಲಿ.

ಆಗಸ್ಟ್‌ನಿಂದ ಉಳಿದ ಮಕ್ಕಳಿಗೆ ಯಾವ ಹಣೆಪಟ್ಟಿಯೂ ಇಲ್ಲದೆ 10 ವಾರ ಪಾಠ. ಬರೀ ಪಾಠ ತಪ್ಪಿದ್ದ ಮಕ್ಕಳು ಈ 10 ವಾರದಲ್ಲೇ ಹತ್ತಿಕೊಳ್ಳುತ್ತಾರೆ. ಹತ್ತಿಕೊಳ್ಳದೆ ಉಳಿದವರನ್ನು ಮಾತ್ರ ಪೂರ್ಣ ಪರೀಕ್ಷೆಗೆ ಕಳಿಸಿ. ಪರೀಕ್ಷೆಯ ಖರ್ಚು ಅರ್ಧಕ್ಕಿಂತ ಕೆಳಗೆ ಬರುತ್ತದೆ, ಫಲಿತಾಂಶವೂ ನಂಬುವಂತಿರುತ್ತದೆ.

ಶಿಕ್ಷಕರು ತಾವೇ ತುಂಬುವ ಜರಡಿ ಪಟ್ಟಿ ಬೇಕಿದ್ದರೆ 'ಡಾಲಿ' ಇದೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಮಾಡಿದ್ದು, ಮೊದಲು ಬಂದ ನಾಲ್ಕು ಭಾಷೆಗಳಲ್ಲಿ ಕನ್ನಡವೂ ಒಂದು. 1-2ನೇ ತರಗತಿಗೆ ಒಂದು, 3ರಿಂದ 5ಕ್ಕೆ ಇನ್ನೊಂದು. ಅದರ ದೊಡ್ಡ ಪರೀಕ್ಷೆಯನ್ನು ಮಾತ್ರ ತರಬೇತಾದ ಮನಶ್ಶಾಸ್ತ್ರಜ್ಞರೇ ಮಾಡಬೇಕು. ಇಂಗ್ಲಿಷ್‌ನಿಂದ ಅನುವಾದ ಮಾಡಿದ ಚೆಕ್‌ಲಿಸ್ಟ್ ಯಾರಾದರೂ ತಂದರೆ ವಾಪಸ್ ಕಳಿಸಿ. "ಬಿ, ಡಿ ಅಕ್ಷರ ತಿರುಗಿಸಿ ಬರೆಯುತ್ತಾನಾ" ಅಂತ ಕನ್ನಡ ಮಾಧ್ಯಮದ ಮಗುವಿನ ಬಗ್ಗೆ ಕೇಳಿ ಏನು ಪ್ರಯೋಜನ?

ಕನ್ನಡದಲ್ಲಿ ಸಿಕ್ಕಿಕೊಳ್ಳುವ ಜಾಗಗಳೇ ಬೇರೆ. 'ವು' ಮತ್ತು 'ಮ' ಅಕ್ಕಪಕ್ಕ ಬರೆದು ನೋಡಿ, ಕೊಂಬು ಎಷ್ಟು ಕೆಳಗೆ ಹತ್ತಿದೆ ಅನ್ನುವುದಷ್ಟೇ ವ್ಯತ್ಯಾಸ. 'ಭಕ್ತಿ'ಯಲ್ಲಿ ಗುಡಿಸು ಕೂತಿರುವುದು ಕಕಾರದ ತಲೆಯ ಮೇಲೆ, ಕೇಳಿಸುವುದು ತಕಾರದ ನಂತರ. ಮಗು ಕಣ್ಣಿಗೆ ಕಂಡ ಕ್ರಮದಲ್ಲಿ 'ಭಕಿತ' ಅನ್ನುತ್ತದೆ. 'ಸೂರ್ಯ'ದಲ್ಲಿ ರಕಾರ ಮೊದಲು ಕೇಳಿಸುತ್ತದೆ, ಅರ್ಕಾವೊತ್ತು ಬರುವುದು ಯಕಾರ ಆದ ಮೇಲೆ. 'ಸೂಯ' ಅಂತ ಓದಿ ಮುಂದೆ ಹೋಗುತ್ತದೆ. ಇವು ದಡ್ಡತನದ ತಪ್ಪುಗಳಲ್ಲ, ಲಿಪಿಯ ತಿರುವುಗಳು. ಎಲ್ಲ ಮಕ್ಕಳೂ ಇಲ್ಲಿ ಎಡವುತ್ತಾರೆ. ಡಿಸ್ಲೆಕ್ಸಿಯಾ ಇರುವ ಮಗು 5ನೇ ತರಗತಿಯಲ್ಲೂ ಎಡವುತ್ತಲೇ ಇರುತ್ತದೆ, ಅಷ್ಟೇ.

ಮುಖ್ಯವಾದ ಮಾತು: ನಿಮ್ಮ ದುಡ್ಡು ಹೋಗಬೇಕಾದ್ದು ಒಬ್ಬ ವಿಶೇಷ ಶಿಕ್ಷಕರ ಸಂಬಳಕ್ಕೆ. ವಿಶೇಷ ಶಿಕ್ಷಣದಲ್ಲಿ ಬಿ.ಎಡ್ ಅಥವಾ ಡಿಪ್ಲೊಮಾ ಆಗಿರಬೇಕು, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು, ನೋಂದಣಿ ನವೀಕರಣ ಆಗಿದೆಯಾ ನೋಡಿ. ಕನ್ನಡ ಕಲಿಸಲು ಬರಬೇಕು ಅಂತ ಬೇರೆಯಾಗಿ ಹೇಳಬೇಕಾಗಿರುವುದು ಬೇಸರದ ಸಂಗತಿ, ಆದರೂ ಹೇಳುತ್ತೇನೆ.

ಬ್ಯಾಡಗಿ_ಹಳೆವಿದ್ಯಾರ್ಥಿ:

ಒಬ್ಬರಿಂದ ಮೂರು ಶಾಲೆ ಆಗುತ್ತಾ ಮೇಡಂ? ಟ್ರಸ್ಟಿಗಳು ಕೇಳುವ ಮೊದಲ ಪ್ರಶ್ನೆ "ಎಷ್ಟು ಮಕ್ಕಳು" ಅಂತ.

ಒತ್ತಕ್ಷರ:

18. ಟ್ರಸ್ಟಿಗಳಿಗೆ ಇದಕ್ಕಿಂತ ದೊಡ್ಡ ಸಂಖ್ಯೆ ಹೇಳಬೇಡಿ.

ಲೆಕ್ಕ ಹೀಗಿದೆ. ಶಾಲೆಯಿಂದ ಶಾಲೆಗೆ ಓಡಾಟ ಕಳೆದರೆ ದಿನಕ್ಕೆ 4 ಪೀರಿಯಡ್, ವಾರಕ್ಕೆ 5 ದಿನ, ಒಟ್ಟು 20. ಒಂದು ಗುಂಪಿಗೆ ವಾರಕ್ಕೆ 3 ಪೀರಿಯಡ್ ಬೇಕೇ ಬೇಕು. ಅದಕ್ಕಿಂತ ಕಮ್ಮಿ ಆದರೆ ಹೋದ ವಾರದ್ದು ಮರೆತಿರುತ್ತದೆ. 6 ಗುಂಪಿಗೆ 18 ಪೀರಿಯಡ್ ಆಯಿತು, ಉಳಿದ 2 ಅಳತೆಗೆ, ಬಿಟ್ಟುಹೋದ ಮಕ್ಕಳಿಗೆ. ಗುಂಪಿಗೆ 3 ಮಕ್ಕಳು. 5 ಮಕ್ಕಳನ್ನು ಕೂರಿಸಿದರೆ ಅದು ಟ್ಯೂಷನ್ ಆಗುತ್ತದೆ: ಒಬ್ಬ ಓದುತ್ತಾನೆ, ನಾಲ್ವರು ಅವನ ಹಿಂದೆ ಹೇಳುತ್ತಾರೆ. ಶನಿವಾರ ದಾಖಲೆ ಮತ್ತು ಪೋಷಕರಿಗೆ. ಮೊದಲ 10 ವಾರ ಮಾತ್ರ ಮಕ್ಕಳು ಹೆಚ್ಚಿರುವುದರಿಂದ ಗುಂಪು ದೊಡ್ಡದಾಗುತ್ತದೆ, ಅದನ್ನು ತಡೆದುಕೊಳ್ಳಬಹುದು.

ಆಟದ ಪೀರಿಯಡ್‌ನಿಂದ ಮಕ್ಕಳನ್ನು ಎಬ್ಬಿಸಿಕೊಂಡು ಹೋಗಬೇಡಿ. ಆ ಮಗು ದಿನವಿಡೀ ಸೋತು ಗೆಲ್ಲುವುದು ಅದೊಂದೇ ಪೀರಿಯಡ್‌ನಲ್ಲಿ ಇರಬಹುದು. ಕನ್ನಡ ಭಾಷಾ ಪೀರಿಯಡ್‌ನಲ್ಲೇ ಕರೆದುಕೊಳ್ಳಿ, ಹೇಗೂ ಅಲ್ಲಿ ಅವನಿಗೆ ಏನೂ ದಕ್ಕುತ್ತಿಲ್ಲ.

ಪೀರಿಯಡ್ 40 ನಿಮಿಷ ಅಂತ ಇಟ್ಟುಕೊಂಡರೆ, ಮೊದಲ 5 ನಿಮಿಷ ಪುಸ್ತಕ ಮುಚ್ಚಿ ಕಿವಿಯ ಕೆಲಸ. 'ಕಮಲ'ದಲ್ಲಿ 'ಮ' ತೆಗೆದರೆ ಏನು ಉಳಿಯಿತು? 'ಕಿ' ಅನ್ನುವುದರಲ್ಲಿ ಕೊನೆಗೆ ಏನು ಕೇಳಿಸಿತು? ಮುಂದಿನ 8 ನಿಮಿಷ ಕಲಿತ ಅಕ್ಷರದ 12 ಕಾರ್ಡ್, ಕಲೆಸಿ, ತಡವರಿಸದೆ 10 ಸರಿ ಬಂದರೆ ಮಾತ್ರ ಹೊಸದು. ಹೊಸದಕ್ಕೆ 10 ನಿಮಿಷ, ಒಂದೇ ಚಿಹ್ನೆ. ಆಮೇಲೆ ಅದೇ ಅಕ್ಷರಗಳಿಂದ ಆದ ಪದ ಮತ್ತು ನಾಲ್ಕೈದು ಸಣ್ಣ ವಾಕ್ಯ ಓದುವುದು, ಕೊನೆಗೆ 5 ಪದ ಉಕ್ತಲೇಖನ. ಕಲಿಸದ ಅಕ್ಷರ ಆ ವಾಕ್ಯಗಳಲ್ಲಿ ಒಂದೂ ಇರಬಾರದು. ಇದ್ದರೆ ಮಗು ಊಹೆಗೆ ಇಳಿಯುತ್ತದೆ, ಊಹೆ ಒಮ್ಮೆ ಅಭ್ಯಾಸವಾದರೆ ಬಿಡಿಸುವುದು ಕಷ್ಟ.

ಇಲ್ಲಿ ಒಂದು ಎಚ್ಚರಿಕೆ. ಕಾಗುಣಿತವನ್ನು ಹಾಡಿಸಿ "ಬರುತ್ತೆ" ಅಂತ ಬರೆದುಕೊಳ್ಳಬೇಡಿ. 'ಕೂ' ಕಾರ್ಡ್ ತೋರಿಸಿ, ಮಗುವಿನ ತುಟಿ ಮತ್ತು ಬೆರಳು ನೋಡಿ. ಬೆಂಚಿನ ಕೆಳಗೆ ಬೆರಳು ಮಡಚುತ್ತಾ ಕ, ಕಾ, ಕಿ, ಕೀ ಅಂತ ಒಳಗೇ ಹೇಳಿಕೊಂಡು ಬಂದು ಆರನೆಯದಕ್ಕೆ ನಿಲ್ಲುತ್ತದೆ. ಅದಕ್ಕೆ ಕೊಂಬಿನ ಇಳಿ ಗೊತ್ತಿಲ್ಲ, ಪದ್ಯ ಗೊತ್ತು. ಆದ್ದರಿಂದ ಕಾಗುಣಿತವನ್ನು ಅಡ್ಡಡ್ಡ ಕಲಿಸುವ ಬದಲು ಉದ್ದುದ್ದ ಕಲಿಸಿ: ಒಂದೇ ಗುಡಿಸು, ಗೊತ್ತಿರುವ ಐದು ವ್ಯಂಜನಗಳ ಮೇಲೆ, ರಿ ಗಿ ಸಿ ದಿ ನಿ. 'ಮಿ', 'ಯಿ' ಎರಡನ್ನೂ ಕೊನೆಗಿಡಿ, ಆಕಾರ ಬೇರೆ. ಕೊಂಬಿನಲ್ಲಿ 'ಪು', 'ವು' ಹಾಗೆಯೇ.

ಒತ್ತಕ್ಷರಕ್ಕೆ ಸಜಾತಿಯಿಂದ ಶುರು, ಅಕ್ಕ, ಅಜ್ಜ, ಹಗ್ಗ. ಇವುಗಳ ಒತ್ತು ಮೂಲ ಅಕ್ಷರದ ಹಾಗೇ ಕಾಣುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ಬೇರೆಯೇ ರೂಪ. ಅದನ್ನು ಎರಡನೇ ಸುತ್ತಿಗೆ ಇಟ್ಟುಕೊಳ್ಳಿ. ವಿಜಾತಿ ಆಮೇಲೆ. ಅರ್ಕಾವೊತ್ತು ಎಲ್ಲಕ್ಕಿಂತ ಕೊನೆಗೆ.

ಅಳತೆ 4 ವಾರಕ್ಕೊಮ್ಮೆ. ಮಗು ಹಿಂದೆ ನೋಡಿರದ, ಆದರೆ ಅದೇ ಮಟ್ಟದ ಗದ್ಯ, ಒಂದು ನಿಮಿಷ. ಪದ ಎಣಿಸಬೇಡಿ, ಸರಿಯಾಗಿ ಓದಿದ ಅಕ್ಷರ ಎಣಿಸಿ. 'ಹೋಗಬೇಕಾಗಿತ್ತಂತೆ' ಒಂದು ಪದ, 'ಮನೆ'ಯೂ ಒಂದು ಪದ ಅಂದರೆ ಲೆಕ್ಕ ಸುಳ್ಳಾಗುತ್ತದೆ. ಎರಡು ಅಳತೆಯಲ್ಲಿ ಸಂಖ್ಯೆ ಅಲ್ಲಾಡದಿದ್ದರೆ ಪಾಠ ಬದಲಿಸಬೇಕು, ಮಗುವನ್ನಲ್ಲ.

ನೆರಳು:

ಡಿಗ್ರಿ ಕಾಲೇಜಿನ ಹುಡುಗರನ್ನ ಸ್ವಯಂಸೇವಕರಾಗಿ ಹಾಕಿದರೆ 18ರ ಬದಲು 46ಕ್ಕೂ ಆಗಲ್ವಾ? ಸಂಬಳವೂ ಉಳಿಯುತ್ತೆ.

ಒತ್ತಕ್ಷರ:

ಜೊತೆಯಲ್ಲಿ ಕೂತು ಓದುವುದಕ್ಕೆ ಆಗುತ್ತದೆ. ವಾರಕ್ಕೆ ಎರಡು ಸಲ 20 ನಿಮಿಷ, ಇಬ್ಬರೂ ಒಟ್ಟಿಗೆ ಗಟ್ಟಿಯಾಗಿ ಓದುವುದು. ಮಗು ತಡೆದರೆ 5 ಸೆಕೆಂಡ್ ಕಾದು, ಪದ ಹೇಳಿಕೊಟ್ಟು ಮುಂದೆ ಹೋಗುವುದು. ಸ್ಟೋರಿವೀವರ್‌ನಲ್ಲಿ ಒಂದನೇ ಮಟ್ಟದ ಕನ್ನಡ ಕಥೆಗಳು ಪುಕ್ಕಟೆ ಇವೆ, ಪ್ರಿಂಟ್ ಹಾಕಿಸಿ ಹಂಚಲೂಬಹುದು. ಅಕ್ಷರ ಕಲಿಸುವ ಪಾಠಕ್ಕೆ ಮಾತ್ರ ಬೇಡ. ಸೆಮಿಸ್ಟರ್ ಪರೀಕ್ಷೆ ಬಂದಾಗ ಆರು ವಾರ ಬರುವುದಿಲ್ಲ, ಆಮೇಲೆ ಬರುವವರು ಬೇರೆಯವರು. ಇಬ್ಬರು ಕಲಿಸುವ ಕ್ರಮ ಬೇರೆ ಬೇರೆ ಆದರೆ ಮೊದಲು ಸುಸ್ತಾಗುವುದು ಇಂಥ ಮಗುವೇ. ಯಾರೇ ಬಂದರೂ ಮಗುವಿನ ಜೊತೆ ಒಂಟಿಯಾಗಿ ಮುಚ್ಚಿದ ಕೋಣೆಯಲ್ಲಿ ಕೂರಬಾರದು. ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಠರಾವು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಲಿಖಿತ ಅನುಮತಿ ಎರಡೂ ಇರಲಿ. ತಾಲ್ಲೂಕಿನ ಬಿಐಇಆರ್‌ಟಿ (ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು) ಅವರನ್ನು ಮೊದಲ ದಿನದಿಂದಲೇ ಸೇರಿಸಿಕೊಳ್ಳಿ, ಸರ್ಕಾರದ ಕಡೆಯಿಂದ ಈ ಮಕ್ಕಳ ಕೆಲಸ ಅವರದ್ದೇ.

ತುಂಗಾತೀರ:

ಸರ್ಟಿಫಿಕೇಟ್ ಬಗ್ಗೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ 'ನಿರ್ದಿಷ್ಟ ಕಲಿಕಾ ನ್ಯೂನತೆ' ಒಂದು, ಡಿಸ್ಲೆಕ್ಸಿಯಾ ಅದರೊಳಗೆ ಬರುತ್ತದೆ. ಪಾಠಕ್ಕೆ ಸರ್ಟಿಫಿಕೇಟ್ ಬೇಕಿಲ್ಲ, ಅದು ಬೇಕಾಗುವುದು ಪರೀಕ್ಷೆಯ ರಿಯಾಯಿತಿಗೆ ಮತ್ತು ಯುಡಿಐಡಿ ಕಾರ್ಡಿಗೆ (ವಿಕಲಚೇತನರ ರಾಷ್ಟ್ರೀಯ ಗುರುತಿನ ಚೀಟಿ). ಆದ್ದರಿಂದ 3ನೇ ತರಗತಿಯಲ್ಲಿ ಅವಸರ ಬೇಡ, 7-8ನೇ ತರಗತಿ ದಾಟಿಸಲೂ ಬೇಡ.

2018ರ ಜನವರಿ 4ರ ಮಾರ್ಗಸೂಚಿಯ ಪ್ರಕಾರ ಮೊದಲ ಸರ್ಟಿಫಿಕೇಟ್ 8 ವರ್ಷಕ್ಕೆ, ಮತ್ತೆ 14ಕ್ಕೆ, ಮತ್ತೆ 18ಕ್ಕೆ, 18ರದ್ದು ಜೀವಮಾನಕ್ಕೆ ಅಂತ ಇತ್ತು. ಮಗುವಿನ ಪರೀಕ್ಷೆಗೆ ಅದರಲ್ಲಿ ಹೇಳಿದ್ದು ನಿಮ್ಹಾನ್ಸ್ ಬ್ಯಾಟರಿ, ಅಂದರೆ ನಿಮ್ಹಾನ್ಸ್ ಸಿದ್ಧಪಡಿಸಿದ ಪರೀಕ್ಷೆಗಳ ಗುಚ್ಛ. 2024ರ ಮಾರ್ಚ್‌ನಲ್ಲಿ ಪರಿಷ್ಕೃತ ಮಾರ್ಗಸೂಚಿ ಬಂದಿದೆ, ಹಳೆಯ ಪ್ರಿಂಟ್‌ಔಟ್ ಹಿಡಿದುಕೊಂಡು ಓಡಾಡಬೇಡಿ. ಅರ್ಜಿ ಯುಡಿಐಡಿ ಜಾಲತಾಣದಲ್ಲಿ ಹಾಕಿ, ಮಗುವನ್ನು ಜಿಲ್ಲಾ ಆಸ್ಪತ್ರೆಯ ಮಂಡಳಿಯ ಮುಂದೆ ಕರೆದೊಯ್ಯಬೇಕು.

ಹೋಗುವ ದಿನ ಏನು ತಪ್ಪುತ್ತದೆ ಅಂದರೆ, ಮಂಡಳಿ ಕೂತಿರುತ್ತದೆ, ಕ್ಲಿನಿಕಲ್ ಅಥವಾ ಪುನರ್ವಸತಿ ಸೈಕಾಲಜಿಸ್ಟ್ ಇರುವುದಿಲ್ಲ. ಅವರಿಲ್ಲದೆ ಈ ಸರ್ಟಿಫಿಕೇಟ್ ಆಗುವುದಿಲ್ಲ. ಫೋನ್ ಮಾಡಿ ಖಚಿತ ಮಾಡಿಕೊಂಡೇ ಹೊರಡಿ. ಅಲ್ಲಿ ವ್ಯವಸ್ಥೆ ಇಲ್ಲದಿದ್ದರೆ ನಿಮ್ಮ ಕಡೆಯಿಂದ ಹತ್ತಿರ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ. ದೂರದ್ದಾದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್. ಮೊದಲೇ ದಿನ ಗೊತ್ತುಮಾಡಿಕೊಳ್ಳಿ. ಕೈಯಲ್ಲಿ ಶಾಲೆಯ ಪತ್ರ, ಎರಡು ವರ್ಷದ ಅಂಕಪಟ್ಟಿ, ಕಣ್ಣು ಕಿವಿಯ ವರದಿ, ಆಧಾರ್, ಮತ್ತು ಮಗುವಿನ ಎರಡು ಮಾಮೂಲಿ ನೋಟ್‌ಬುಕ್. ಚೆನ್ನಾಗಿ ಬರೆಸಿದ ಹೊಸ ನೋಟ್‌ಬುಕ್ ಬೇಡ, ತಪ್ಪುಗಳಿರುವುದೇ ಬೇಕು. ಅಪ್ಪನದೋ ಅಮ್ಮನದೋ ಎರಡು ದಿನದ ಕೂಲಿ ಟ್ರಸ್ಟ್ ಕಟ್ಟಿಕೊಡಲಿ. ಬಸ್ ಚಾರ್ಜ್ ಮಾತ್ರ ಕೊಟ್ಟರೆ ಎರಡನೇ ಸಿಟ್ಟಿಂಗಿಗೆ ಯಾರೂ ಬರುವುದಿಲ್ಲ.

ಶಾಲಾ ಪರೀಕ್ಷೆಯ ವಿಷಯ: ಕೇಂದ್ರದ 2018ರ ಆಗಸ್ಟ್ 29ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಹೇಳಿತ್ತು, ಅಂದರೆ 3 ಗಂಟೆಯ ಪತ್ರಿಕೆಗೆ 1 ಗಂಟೆ. ಎಸ್ಸೆಸ್ಸೆಲ್ಸಿಗೆ ರಾಜ್ಯದ ಪರೀಕ್ಷಾ ಮಂಡಳಿಗೆ ಕೋರಿಕೆ ಮುಖ್ಯ ಶಿಕ್ಷಕರ ಮೂಲಕ, ನೋಂದಣಿಯ ಹೊತ್ತಿನಲ್ಲೇ ಹೋಗಲಿ. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿ ಪ್ರಯೋಜನವಿಲ್ಲ. ಬರೆಯುವ ಸಹಾಯಕರ ಜೊತೆ ಮೊದಲೇ ನಾಲ್ಕಾರು ಸಲ ಅಭ್ಯಾಸ ಬೇಕು. ಬಾಯಲ್ಲಿ ಉತ್ತರ ಹೇಳಿ ಬರೆಸುವುದೇ ಬೇರೆ ವಿದ್ಯೆ. ಪರೀಕ್ಷೆಯ ದಿನ ಮೊದಲ ಸಲ ಭೇಟಿಯಾದರೆ ಮಗು ಮೂಕವಾಗಿ ಕೂರುತ್ತದೆ.

ಜಮಾಖರ್ಚು:

ದುಡ್ಡಿನ ಲೆಕ್ಕ ನಾನು ಬರೆಯುತ್ತೇನೆ. ಶಿಕ್ಷಕರಿಗೆ ತಿಂಗಳಿಗೆ 28,000 ಅಂದರೆ 3,36,000. ಓಡಾಟ 36,000. ಅನುಭವಿ ವಿಶೇಷ ಶಿಕ್ಷಕರೊಬ್ಬರು ತಿಂಗಳಿಗೊಮ್ಮೆ ಬಂದು ಪಾಠ ನೋಡಿ ತಿದ್ದಲು 60,000. ಇದನ್ನು ಮಾತ್ರ ಕತ್ತರಿಸಬೇಡಿ, ಒಬ್ಬರೇ ಕೆಲಸ ಮಾಡುವವರು ಆರು ತಿಂಗಳಲ್ಲಿ ದಾರಿ ತಪ್ಪುತ್ತಾರೆ ಅಥವಾ ಬಿಟ್ಟು ಹೋಗುತ್ತಾರೆ. ಡಿಸ್ಲೆಕ್ಸಿಯಾ ಪರೀಕ್ಷೆಗೆ ಹೋಗಿಬರುವ ಖರ್ಚು 15 ಮಕ್ಕಳಿಗೆ ತಲಾ 2,500ರಂತೆ 37,500. ಕಾರ್ಡ್, ಮುದ್ರಣ 30,000. ಕನ್ನಡಕ 10,000. ಆಡಿಟ್ 25,000. ಒಟ್ಟು 5,34,500. ಉಳಿದ 65,500 ಕೈಯಲ್ಲಿರಲಿ, ಎರಡನೇ ವರ್ಷ ಸಂಬಳ ಏರಿಸಬೇಕಾಗುತ್ತದೆ. ಟ್ಯಾಬ್‌ಗೆ ಜಾಗವಿಲ್ಲ, ಕ್ಷಮಿಸಿ.

ದೇಣಿಗೆ ತಗೊಳ್ಳುವಾಗ: 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ದಾನಿಗೆ ದೇಣಿಗೆಯ ತೆರಿಗೆ ವಿನಾಯಿತಿ (ಹಳೆಯ ಕಾಯ್ದೆಯ 80ಜಿ) ಇಲ್ಲ, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಹೇಗೆ ಕೊಟ್ಟರೂ ಇಲ್ಲ. ಇದನ್ನು ರಸೀದಿ ಕೊಡುವ ಮೊದಲೇ ಹೇಳಿ, ಮಾರ್ಚ್‌ನಲ್ಲಿ ಜಗಳ ತಪ್ಪುತ್ತದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಸೆಕ್ಷನ್ ನಂಬರುಗಳು ಬೇರೆ. ರಸೀದಿ ಪುಸ್ತಕ ಒಂದು ಸಾವಿರ ಒಟ್ಟಿಗೇ ಅಚ್ಚು ಹಾಕಿಸಬೇಡಿ. ಕಂಪನಿಯ ಸಿಎಸ್ಆರ್ (ಸಾಮಾಜಿಕ ಹೊಣೆಯ) ಹಣ ಬೇಕಿದ್ದರೆ ಸಿಎಸ್ಆರ್-1 ನೋಂದಣಿ ಮಾಡಿಸಿ. 2013ರ ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ವಿಶೇಷ ಶಿಕ್ಷಣದ ಹೆಸರೇ ಇದೆ, ಅದಕ್ಕೆ ಬೇಕಾದ 3 ವರ್ಷದ ಕೆಲಸದ ದಾಖಲೆಯೂ ನಿಮಗೆ ಇದೆ.

ಅಮೆರಿಕದ ದುಡ್ಡು: ಕೊಡುವವರ ಪಾಸ್‌ಪೋರ್ಟ್ ಯಾವುದು ಅನ್ನುವುದೇ ಪ್ರಶ್ನೆ. ಭಾರತದ ಪಾಸ್‌ಪೋರ್ಟ್ ಇದ್ದು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ಪ್ರತಿ ತೆಗೆದಿಟ್ಟುಕೊಳ್ಳಿ. ಅಲ್ಲಿನ ಪೌರರಾಗಿ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವುದು) ಇಟ್ಟುಕೊಂಡವರ ದುಡ್ಡು ವಿದೇಶಿ ದೇಣಿಗೆಯೇ, ಊರವರೇ ಆಗಿದ್ದರೂ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಬೇಕು, ನೋಂದಣಿಗೆ 3 ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿದ ಲೆಕ್ಕ ಬೇಕು, ಖಾತೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲೇ ತೆರೆಯಬೇಕು. ನೋಂದಣಿ ಇರುವ ಬೇರೆ ಸಂಸ್ಥೆಯ ಮೂಲಕ ತರಿಸಿಕೊಳ್ಳುತ್ತೇವೆ ಅನ್ನಬೇಡಿ, 2020ರ ತಿದ್ದುಪಡಿಯ ನಂತರ ಹಾಗೆ ದಾಟಿಸುವಂತಿಲ್ಲ. ಒಸಿಐ ಮಿತ್ರರ ಹಣವನ್ನು ಸದ್ಯಕ್ಕೆ ಬೇಡ ಅನ್ನಿ.

ದಾನಿಗಳಿಗೆ ಕಳಿಸುವ ವರದಿಯಲ್ಲಿ ಮಕ್ಕಳ ಫೋಟೊ, ಹೆಸರು ಬೇಡ. ಊರು ಚಿಕ್ಕದು, ವಾಟ್ಸಾಪ್ ದೊಡ್ಡದು.

ಬ್ಯಾಡಗಿ_ಹಳೆವಿದ್ಯಾರ್ಥಿ:

ಶಿಬಿರ ರದ್ದು. ಟ್ಯಾಬ್ ಮಾತ್ರ ಒಬ್ಬ ಟ್ರಸ್ಟಿಯವರು ಪಟ್ಟು ಹಿಡಿದಿದ್ದಾರೆ, ಪಠ್ಯಪುಸ್ತಕ ಓದಿ ಹೇಳುವ ವ್ಯವಸ್ಥೆ ಮಾಡೋಣ ಅಂತ. ಫಾಂಟಿನ ಪ್ರಶ್ನೆಯೂ ಉಳಿದಿದೆ.

ಕೀಲಿಮಣೆ:

ಓದಿ ಹೇಳಿಸುವುದು ಒಳ್ಳೆಯದೇ, 6ನೇ ತರಗತಿಯಿಂದ ಮೇಲೆ. ವಿಜ್ಞಾನ, ಸಮಾಜ ಪಾಠ ಕಿವಿಯಿಂದ ದಕ್ಕಿದರೆ ಓದು ನಿಧಾನವಾದರೂ ವಿಷಯ ತಪ್ಪುವುದಿಲ್ಲ. ಅದಕ್ಕೆ 20 ಟ್ಯಾಬ್ ಬೇಡ, ಶಾಲೆಗೊಂದು ಆಂಡ್ರಾಯ್ಡ್ ಫೋನ್, ಎರಡು ಹೆಡ್‌ಫೋನ್ ಸಾಕು. ಗೂಗಲ್‌ನ ಕನ್ನಡ ಧ್ವನಿಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟರೆ ನೆಟ್ ಇಲ್ಲದೆಯೂ ಓದುತ್ತದೆ, ವೇಗ ಸ್ವಲ್ಪ ಕಡಿಮೆ ಇಡಿ.

ತೊಂದರೆ ಬರುವುದು ಪಿಡಿಎಫ್‌ನಲ್ಲಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಸಿದ್ಧಪಡಿಸಿದ ಪುಸ್ತಕ ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ರಾಶಿ. ಫೋನ್ ಅದನ್ನು ಓದಲು ಹೋಗಿ ಗೊಣಗುತ್ತದೆ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಅಂಟಿಸಿ ನೋಡಿ. ಕನ್ನಡ ಬಂದರೆ ಯೂನಿಕೋಡ್, ಬಾರದಿದ್ದರೆ ಪರಿವರ್ತಕಕ್ಕೆ ಹಾಕಬೇಕು. ಪರಿವರ್ತನೆಯಲ್ಲಿ ಅರ್ಕಾವೊತ್ತು ಮತ್ತು ಅಂಕಿಗಳು ಕೆಡುವುದುಂಟು, ಒಬ್ಬರು ಕೂತು ತಿದ್ದಬೇಕು. ಅದಕ್ಕಿಂತ ಸುಲಭ, ಶಿಕ್ಷಕರೇ ಪಾಠ ಓದಿ ರೆಕಾರ್ಡ್ ಮಾಡುವುದು. ಕಾನೂನಿನ ಭಯ ಬೇಡ, ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ವಿಕಲಚೇತನರಿಗಾಗಿ ಓದುವ ರೂಪ ಬದಲಿಸಲು ಅವಕಾಶ ಕೊಟ್ಟಿದೆ; ಲಾಭಕ್ಕೆ ಮಾರಬಾರದು.

ಡಿಸ್ಲೆಕ್ಸಿಯಾ ಫಾಂಟ್ ಅಂತ ಮಾರುವವು ಇಂಗ್ಲಿಷ್ ಲಿಪಿಗೆ ಮಾಡಿದವು. ಅಲ್ಲೂ ಅವುಗಳಿಂದ ಓದು ಸುಧಾರಿಸುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಪುಟದ ಮೇಲೆ ಇಡುವ ಬಣ್ಣದ ಹಾಳೆಗಳ ಕಥೆಯೂ ಅದೇ. ಕನ್ನಡಕ್ಕೆ ಬೇಕಾಗಿರುವುದು ಸಾಲುಗಳ ನಡುವೆ ಜಾಗ. ಇಂಗ್ಲಿಷ್‌ಗೆ ಸಾಕಾಗುವ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗುಲುತ್ತದೆ. 'ಕ್ಷ್ಮಿ'ಯ ಕೆಳಗೆ 'ಕೀ' ಬಂದರೆ ಯಾವುದು ಯಾರದ್ದು ಅಂತ ಕಣ್ಣು ಹುಡುಕಬೇಕು. ಅಕ್ಷರ 18 ಪಾಯಿಂಟ್, ಸಾಲಿನ ಅಂತರ 1.6 ಪಟ್ಟು, ಎಡಕ್ಕೆ ಮಾತ್ರ ಸಮ, ಎರಡೂ ಕಡೆ ಎಳೆದು ಸಮ ಮಾಡುವುದು ಬೇಡ. ಸಾಲಿನ ಕೊನೆಗೆ ಪದ ಒಡೆಯಬಾರದು. ಹೊಳೆಯುವ ಕಾಗದ ಬೇಡ. ಊರಿನ ಜೆರಾಕ್ಸ್ ಅಂಗಡಿಯವರಿಗೆ ಇಷ್ಟು ಬರೆದುಕೊಟ್ಟರೆ ಮಾಡಿಕೊಡುತ್ತಾರೆ, ಮೊದಲ ಪುಟ ಮಾತ್ರ ನಿಂತು ನೋಡಿ.